ಕುಗ್ಗಿನ ಸ್ಕೇಲು

ನಮ್ಮಪ್ಪನ ಸ್ಕೇಲಿನ ಮ್ಯಾಲ ಒಂದಡಿ ಅಂತ ಬರದೈತಿ.
ಖರೆ ಅದು ಒಂದಡಿ ಅಲ್ಲ,
ಒಂದು ಗೋಧಿಕಾಳಿನ ಅಗಲದಷ್ಟು ಜಾಸ್ತಿ.
ಬೀಡು ಆರೂಮುಂದ ಕುಗ್ಗತೈತಿ,
ಅದಕ್ಕ ಕಟಗಿ ಪ್ಯಾಟರ್ನು ಮದಲ ದೊಡ್ಡದು ಮಾಡಬೇಕು.
ಅರಿವಿ ಅಂಗಡಿಯವಗ ಈ ಸ್ಕೇಲು ಕೊಟ್ಟರ
ದೀಪಾವಳಿ ಒಳಗ ದಿವಾಳಿ.

ಉದ್ಯಮಬಾಗದಾಗ, ಐತವಾರ,
ಶಟರ್ ಅರ್ಧಾ ಎತ್ತಿ ನಾವು ನಾಕು ಮಂದಿ:
ಲೇಥಿನ ತವನಪ್ಪ, ಗ್ಯಾಸ್ ವೆಲ್ಡಿಂಗಿನ ಇಮಾಮಹುಸೇನ,
ಕ್ಯಾಂಪಿನ ವರ್ಕಶಾಪಿನಿಂದ ರಿಟೈರಾದ ಕೈತಾನ ಮಾಮಾ,
ಮತ್ತ ನಾನು, ಕಟಗಿಯಾಕಿ.
ವಾರೆಲ್ಲಾ ಪಂಪಿನ ಕೇಸಿಂಗು, ವಾಲ್ವಿನ ಬಾಡಿ, ಡೆಲಿವರಿ ಚಲನ್.
ಐತವಾರ ಯಾರೂ ಆರ್ಡರ್ ಕೊಡದ ಕೆಲಸ.

ಗಾಡಿ ಮೂರು ಗಾಲಿದು.
ಹಳೆ ಟೆಂಪೊ, ಮೂತಿ ಹಂದಿಯಂಗ ಮುಂದ ಚಾಚಿ
ಎಂಜಿನ್ನು ಒಂಟಿ ಗಾಲಿ ಮ್ಯಾಲ ಹೊತ್ತದ್ದು.
ಹುಕ್ಕೇರಿ ಕಡೆ ಒಂದು ಹಿತ್ತಲದಾಗ
ಇಪ್ಪತ್ತೆರಡು ವರ್ಷ ಕೋಳಿಗೂಡಾಗಿ ನಿಂತಿತ್ತು.
ಮುದುಕಿ ರೊಕ್ಕ ಕೇಳಲಿಲ್ಲ.
"ಕೋಳಿ ಎಲ್ಲಿಡ್ಲಿ?" ಅಂದಳು.
ಇಮಾಮಹುಸೇನ ಎರಡು ದಿನ ಅಲ್ಲೇ ಕುಂತು
ಕಬ್ಬಿಣದ ಗೂಡು ಬೆಸೆದು ಕೊಟ್ಟ,
ಜಾಳಗಿ, ಚಿಲಕ, ಮ್ಯಾಲೊಂದು ತಗಡಿನ ಛಾಜಾ ಸುದ್ದಾ.
ಟ್ರ್ಯಾಕ್ಟರಿಗೆ ಕಟ್ಟಿ ಎಳಕೊಂಡು ಬಂದು ಬಾನೆಟ್ ಎತ್ತಿದರ
ಕಾರ್ಬೊರೇಟರ್ ಇರೂ ಜಾಗಾದಾಗ ಎರಡು ತತ್ತಿ.
ತವನಪ್ಪ ಮಾರುದ್ದ ಹಿಂದ ಸರದ.
ಹಾದಿಯಾಗ ಒಂದೂ ಒಡೆದಿರಲಿಲ್ಲ.
"ಸಸ್ಪೆನ್ಶನ್ ಚಲೋ ಐತಿ," ಅಂದ ಕೈತಾನ ಮಾಮಾ.

ಇಲ್ಲದ್ದು ನೀರಿನ ಮೊಣಕೈ,
ಎಂಜಿನ್ನಿನ ಬಿಸಿನೀರು ರೇಡಿಯೇಟರಿಗೆ ಹೊರಳೂ ಜಾಗಾ.
ಡ್ರಾಯಿಂಗ್ ಇಲ್ಲ, ಮಾದರಿ ಇಲ್ಲ,
ಕೊಲ್ಹಾಪುರದ ಗುಜರಿಯೊಳಗೂ ಇಲ್ಲ.
ಎರಡೂ ಕಡೆ ಬೋಲ್ಟಿನ ತೂತಷ್ಟ ಉಳದಿದ್ವು.
ಇಲ್ಲದ್ದನ್ನ ಅದರ ಅಕ್ಕಪಕ್ಕದಿಂದ ಅಳದೆ.
ಸಾಗವಾನಿ ತುಂಡು, ಅಪ್ಪನ ಉಳಿ, ಮೂಲಿಗೆ ಮೇಣ.
ಮದಲಿಂದು ಚಂದಿತ್ತು, ತಪ್ಪಿತ್ತು.
ಎರಡನೇದು ನಾನ ಕೈಜಾರಿ ಬೀಳಿಸಿದೆ.
ಮೂರನೇದನ್ನ ಯಾರದೋ ಪಂಪಿನ ಹೀಟಿನ ಸಂಗಟ
ಫೌಂಡ್ರಿಯವರು ಮಾಲಕನ ಕಣ್ಣು ತಪ್ಪಿಸಿ ಸುರುವಿ ಕೊಟ್ಟರು.
ಉಸುಕಿನ ಹೊಟ್ಟ್ಯಾಗ ರಾತ್ರೆಲ್ಲಾ ಆರಿ
ಎಷ್ಟು ಕುಗ್ಗಬೇಕೋ ಅಷ್ಟ ಕುಗ್ಗಿ ಬಂತು.
ಬೋಲ್ಟ್ ಬಿಗಿದ ತವನಪ್ಪ ಏನೂ ಅನ್ನಲಿಲ್ಲ.
ಅಂವ ಏನೂ ಅನ್ನಲಿಲ್ಲಂದರ ಸರಿ ಕೂತೈತಿ.

ಶೀಗಿ ಹುಣ್ಣಿವಿ ಆದ ಐತವಾರ ಚಾಲೂ ಮಾಡಿದ್ವಿ.
ಮಾಮಾ ಶಿಲುಬಿ ಗುರುತು ಮಾಡಿಕೊಂಡು ಹತ್ತಿ ಕೂತ.
ನೀಲಿ ಹೊಗಿ. ಒಂದು ಕೆಮ್ಮು. ಆಮ್ಯಾಲ
ಪಡಪಡಪಡ, ತಗಡಿನ ಡಬ್ಬಿಯಾಗ ಶೇಂಗಾ ಕುಲುಕಿದಂಗ.
ಮೊಣಕೈ ಮುಟ್ಟಿ ನೋಡಿದೆ. ಬಿಸಿ. ಒಂದು ಹನಿ ಸೋರಲಿಲ್ಲ.
ಮಾಮಾ ಫಸ್ಟ್ ಗೇರ್ ಹಾಕಿ ಕ್ಲಚ್ ಬಿಟ್ಟ.

ಗಾಡಿ ಹಿಂದಕ್ಕ ಹೋತು.

ಸಾವಕಾಶ, ಮರ್ಯಾದಿಲಿಂದ,
ಚಾದ ಗ್ಲಾಸಿನ ಮ್ಯಾಲಿಂದ, ಇಮಾಮಹುಸೇನನ ಸೈಕಲ್ಲಿನ ಮ್ಯಾಲಿಂದ
ಹೋಗಿ, ಶಟರಿಗೆ ಬೆನ್ನು ಹಚ್ಚಿ ನಿಂತಿತು.

ಈ ಟೂ-ಸ್ಟ್ರೋಕ್ ಎಂಜಿನ್ನಿಗೆ ಎತ್ತ ತಿರುಗಬೇಕಂಬೂದು
ಹುಟ್ಟಾ ಗೊತ್ತಿರೂದಿಲ್ಲಂತ.
ಟೈಮಿಂಗ್ ಎಳ್ಳಷ್ಟು ತಪ್ಪಿದರ ಉಲ್ಟಾ ತಿರುಗತೈತಂತ,
ಆವಾಗ ಇದ್ದಷ್ಟೂ ಗೇರು ಹಿಂದಕ್ಕ.
"ಮತ್ತ ರಿವರ್ಸು?" ಅಂದೆ.
"ಮುಂದಕ್ಕ," ಅಂದ ತವನಪ್ಪ.
ವರ್ಷದಾಗ ಅಂವ ಮಾಡಿದ ಒಂದ ಜೋಕು, ಅದೂ ಜೋಕಲ್ಲ.

ಹಂಗ ಖಾನಾಪುರ ರೋಡಿಗೆ ಇಳದ್ವಿ.
ರಿವರ್ಸ್ ಗೇರಿನ್ಯಾಗ, ಮುಂದಕ್ಕ,
ಹಿಂದಿನ ಡಾಲ್ಯಾಗ ನಾವು ಮೂವರು ಪಟ್ಟಿ ಹಿಡಕೊಂಡು.
ಸಿಟಿ ಬಸ್ಸು ಹಾರ್ನ್ ಹೊಡದು ಹೊಡದು ಸಾಕಾಗಿ ಮುಂದ ಹೋತು.

ಟೈಮಿಂಗ್ ಸರಿ ಮಾಡಬೇಕು. ಮುಂದಿನ ವಾರ ಅಂತೀವಿ.
ಆರು ವಾರ ಆತು, ಸ್ಕ್ರೂಡ್ರೈವರ್ ಯಾರೂ ಮುಟ್ಟಿಲ್ಲ.

ನಿನ್ನೆ ಹುಕ್ಕೇರಿ ಮುದುಕಿ ಫೋನ್ ಮಾಡಿದ್ದಳು:
ಹೊಸಾ ಗೂಡಿನ್ಯಾಗ ಕೋಳಿ ತತ್ತಿ ಇಡವಲ್ಲವಂತ.
ಇಮಾಮಹುಸೇನ ತಲಿ ಕೆರಕೊಂಡು ನಿಂತಾ,
ಆಮ್ಯಾಲ ನನ್ನ ಸ್ಕೇಲು ಇಸಗೊಂಡು ಹೋಗ್ಯಾನ.