ತೊಂಬತ್ತಮೂರು ಡಿಗ್ರಿ

ವಾಸ್ಕೋದಾಗ, ಬೈನಾದ ಈ ಖೋಲಿಯೊಳಗ
ಮೇ ತಿಂಗಳು ಹೆಂಗಿರತದ ಅಂದ್ರ
ಒಗದ ಅರಿವಿ ಎರಡ ದಿನ ಹಸಿ,
ಉಪ್ಪಿನ ಡಬ್ಬಿಯೊಳಗ ಉಪ್ಪು ತಾನ ನೀರು.
ಸಮುದ್ರ ಹತ್ರನ ಅದ. ಗಾಳಿ ಮಾತ್ರ
ಬಂದರದ ಕಲ್ಲಿದ್ದಲ ಮುಟ್ಟಿ ಬರತದ.

ಇಂಥಾ ಖೋಲಿಯೊಳಗ ಕೂತು ನಾ
ಅಡಿಗಿಮನಿ ಬರೀತೀನಿ, ಮಂದಿವು.
ಇನ್ನೂ ಕಟ್ಟದ ಫ್ಲ್ಯಾಟು, ಇಟಲಿ ಕಲ್ಲಿನ ಕಟ್ಟಿ,
ಯಾರೂ ಹಚ್ಚದ ಒಲಿ.
ಬೆಳಕು ಬೆಚ್ಚಗ ಕಾಣಲಿ ಅಂತಾನ ಗುತ್ತಿಗೆದಾರ.
ಎಲ್ಲಿ ಬಿದ್ದು ಎಲ್ಲಿಗೆ ಸಿಡೀತದ ಆ ಬೆಳಕು,
ಲೆಕ್ಕಾ ಮಾಡೂದು ಕಂಪ್ಯೂಟರಿನ ಕೆಲಸ.

ಅದನ್ನ ನಾನ ಜೋಡಿಸೀನಿ.
ಪೆಟ್ಟಿಗಿ ಮಡಗಾಂವದಾಗ ತಗೊಂಡದ್ದು, ಉಳದದ್ದು ಕಂತಿನ ಮ್ಯಾಲ.
ಗ್ರಾಫಿಕ್ಸ್ ಕಾರ್ಡು ಮಾತ್ರ ಸೆಕೆಂಡ್ ಹ್ಯಾಂಡು.
"ಬಾಳ ಬಳಸಿಲ್ಲ ಅಕ್ಕಾ" ಅಂದಿದ್ದ ಮಾರಿದ ಹುಡುಗ,
ಕಣ್ಣು ಬ್ಯಾರೆ ಕಡೆ ಇಟ್ಟು.

ರಾತ್ರಿ ಹನ್ನೊಂದಕ್ಕ ಎಂಬತ್ನಾಕು.
ಹನ್ನೊಂದೂವರಿಗೆ ತೊಂಬತ್ತು,
ಒಳಗಿನ ಪಂಖಾ
ಸೀಟಿ ಹೊಡಿಯೂ ಮೊದಲಿನ ಕುಕ್ಕರ್.
ತೊಂಬತ್ತಮೂರಕ್ಕ, ಕಲ್ಲಿನ ಮ್ಯಾಲ ಬೆಳಕು ಅರ್ಧಾ ಬಿದ್ದಾಗ
ಪರದೆ ಕರ್ರಗಾತು.
ಆ ಕರೀ ಗಾಜಿನೊಳಗ ನನ್ನ ಮಾರಿ, ಬೆವತದ್ದು.

ಬಾಜೂ ತಗಡು ಬಿಚ್ಚಿದೆ.
ಟೇಬಲ್ ಫ್ಯಾನ್ ತಂದು ಎದುರಿಗಿಟ್ಟೆ,
ಖೋಲಿಗೆ ಇರೂದ ಅದೊಂದು.
ಕಾರ್ಡು ಎರಡ ಡಿಗ್ರಿ ಇಳೀತು.
ಹಾಸಿಗಿಯೊಳಗ ನಾ ಎರಡ ಡಿಗ್ರಿ ಏರಿದೆ.

ಮುಂಜಾನೆ ಕೆಳಗ, ದಾವಲಸಾಬ ಕಾಕಾನ ಅಂಗಡಿ.
ಲಾರಿ ರೇಡಿಯೇಟರ್ ರಿಪೇರಿ, ಇಪ್ಪತ್ತೆಂಟು ವರ್ಷದ್ದು.
ಸವಣೂರಿನವ; ಎಲಿ ಅಡಕಿ ಇಲ್ಲದ ಮಾತು ಸುರು ಆಗೂದಿಲ್ಲ.
ಕಾರ್ಡು ಅಂಗೈಯಾಗ ತಿರಗಿಸಿ ನೋಡಿ ಅಂದ:
"ಇದೂ ರೇಡಿಯೇಟರ ಅದಲ್ಲವ್ವಾ, ನೀರಿಲ್ಲದ್ದು."
ಎಂಟು ಸ್ಕ್ರೂ, ಬಾಟ್ಲಿ ಬೂಚಿನೊಳಗ ಎಣಿಸಿಟ್ಟ.
ಮುಚ್ಚಳ ಎದ್ದಕೂಡ್ಲೆ
ರೆಕ್ಕಿ ರೆಕ್ಕಿ ನಡುವ ಧೂಳು. ಧೂಳಲ್ಲ, ಕಂಬಳಿ:
ಬಂದರದ ಕಪ್ಪು, ಅದರಾಗ ಬೆಕ್ಕಿನ ಬಿಳೀ ಕೂದಲು.
ನನ್ನ ಹತ್ರ ಬೆಕ್ಕಿಲ್ಲ.

ಬಣ್ಣದ ಬ್ರಶ್ಶಿಲೆ ಝಾಡಿಸಿದ.
ಬಾಗಿದ ರೆಕ್ಕಿಗೆ ಹಳೇ ಹಣಿಗಿ ಹಲ್ಲು ಹಾಕಿ
ಹುಡಿಗಿ ಸಿಕ್ಕು ಬಿಡಿಸಿದಂಗ ನೆಟ್ಟಗ ಮಾಡಿದ.
ಚಿಪ್ ಮ್ಯಾಲಿನ ಪೇಸ್ಟು ಒಣಗಿ ಬಿರತಿತ್ತು,
ಅಜ್ಜಿ ಹೋದಮ್ಯಾಲ ಸಂಚಿಯೊಳಗ ಉಳದ ಸುಣ್ಣದಂಗ.
ಹೊಸಾದು ಹಚ್ಚಲಿಕ್ಕೆ ನಾ ಟ್ಯೂಬು ಒತ್ತಿದರ
ಕೈ ಹಿಡದ.
"ಎಷ್ಟ ಹಾಕತೀ? ಎಲಿಗೆ ಸುಣ್ಣ ಹಚ್ಚಿಲ್ಲೇನು ಎಂದೂ?
ಜಾಸ್ತಿ ಆದ್ರ ನಾಲಿಗಿ ಸುಡತದ,
ಕಡಿಮಿ ಆದ್ರ ಬಾಯಿ ಕೆಂಪಾಗೂದಿಲ್ಲ."
ಅವನ ಬಾಯಿ ಕೆಂಪಗಿತ್ತು.
ಆ ಬಾಯಿ ನಂಬಿದೆ.

ಸಂಜಿಗೆ ಮ್ಯಾಲ ಬಂದ,
ಕಾರ್ಡು ಹೆಂಗ ಉಸರಾಡತದ ನೋಡಲಿಕ್ಕೆ.
ಎಪ್ಪತ್ತೊಂದು. ಎಪ್ಪತ್ನಾಕು. ಅಲ್ಲೇ ನಿಂತು.
ರೊಕ್ಕ ಅಂದ್ರ ಕೈ ಝಾಡಿಸಿದ, ಚಹಾ ಅಂದ್ರ ಕೂತ.
ಪರದೆಯೊಳಗಿನ ಅಡಿಗಿಮನಿ ಬಾಳ ಹೊತ್ತು ನೋಡಿದ.
"ಛಲೋ ಅದ. ಮತ್ತ ಒಗ್ಗರಣಿ ಹೊಗಿ
ಎಲ್ಲಿಂದ ಹೊರಗ ಹೋಗಬೇಕು?"

ಅವ ಇಳದು ಹೋದಮ್ಯಾಲ
ಒಲಿ ಹಿಂದಿನ ಗೋಡಿಗೆ ಒಂದು ಸಣ್ಣ ಕಿಡಕಿ ಬರದೆ,
ನಕ್ಷೆಯೊಳಗ ಇಲ್ಲದ್ದು.
ಮುಚ್ಚಿದ ಕಿಡಕಿ. ಧೈರ್ಯ ಇದ್ದದ್ದ ಅಷ್ಟು.

ಗುತ್ತಿಗೆದಾರ ಹಾವೇರಿ ಕಡೆಯವ, ಮಾತು ಕಡಿಮಿ.
ಹತ್ತಕ್ಕ ಮೆಸೇಜ್ ಬಂತು:
"ಕಿಡಕಿ ತೆಗಿ."

ಯಾವ ಅರ್ಥದಾಗ ಅಂದಾನ ಅನ್ನೂದು ನಂಗ ಗೊತ್ತದ.
ಎರಡೂ ಕದ ಗ್ವಾಡಿಗೆ ಹತ್ತೂ ಹಂಗ ತೆಗದೆ,
ಬೆಳಕಿಗೆ ಮತ್ತ ಲೆಕ್ಕಾ ಸುರು ಮಾಡಂದೆ,
ಫ್ಯಾನು ನನ್ನ ಕಡೆ ತಿರಗಿಸಿಕೊಂಡು ಮಲಗಿದೆ.

ಎಪ್ಪತ್ತೈದು.