ನನಗೂ ತೆರೆಯದ ಬೀಗ

ಆರ್ತೆಮಿಯೊ ಈಗೆಲ್ಲಿದ್ದಾನೋ.
ಪೊರ್ವೆನೀರ್‌ನಲ್ಲಿ ದೋಣಿಯ ಟಿಕೆಟು ಹರಿಯುತ್ತಾನೆ ಎಂದರು ಒಬ್ಬರು.
ಇಲ್ಲ, ಜೈಲಿನಿಂದ ಬಂದವನು
ತಂಗಿಯ ಮನೆಯಲ್ಲಿ ಟಿವಿ ಮುಂದೆ ಕೂತೇ ಇರುತ್ತಾನೆ ಎಂದರು ಇನ್ನೊಬ್ಬರು.

ಪುಂತಾ ಅರೇನಾಸ್‌ನ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಅವನ ಕುರ್ಚಿ ಹಾಗೇ ಇದೆ. ಎಡಕ್ಕೆ ಕೊಂಚ ವಾಲುತ್ತದೆ.
ನಾನೂ ವಾಲಿಯೇ ಕೂರುತ್ತೇನೆ.

ಹನ್ನೊಂದು ವರ್ಷ ಕಲಿಸಿದ:
ಟೇಪು ಬಿಸಿಯೇರಿದಾಗಿನ ವಾಸನೆ,
ಡಿಸ್ಕು ಸಾಯುವ ಮುನ್ನ ಹಲ್ಲು ಕಡಿಯುವ ಸದ್ದು.
'ನಿನೋಸ್ಕಾ, ನಂಬಬೇಡ, ತೆರೆದು ನೋಡು.
ತೆರೆದು ನೋಡದ ನಕಲು ನಕಲಲ್ಲ, ಬರೀ ಹಾರೈಕೆ.'
ಎಲ್ಲ ಬಾಗಿಲಿಗೂ ಒಂದೇ ಪಾಸ್‌ವರ್ಡು, ಅದು ಅವನ ತಲೆಯಲ್ಲಿ.
ಯಾರೂ ಕೇಳಲಿಲ್ಲ.
ಕಳ್ಳ ಹೊರಗಿನಿಂದ ಬರುತ್ತಾನೆಂದು
ನಾವೆಲ್ಲ ಕಿಟಕಿಗೆ ಸರಳು ಹೊಡೆಯುತ್ತಿದ್ದೆವು,
ಸುತ್ತಿಗೆ ಎತ್ತಿಕೊಡುತ್ತಿದ್ದವನು ಅವನೇ.

ಆಗಸ್ಟಿನ ಒಂದು ಶುಕ್ರವಾರ. ಬಡ್ತಿ ತಪ್ಪಿದ್ದಕ್ಕೋ,
ಹೆಂಡತಿ ಬಿಟ್ಟುಹೋದದ್ದಕ್ಕೋ,
ನ್ಯಾಯಾಧೀಶರ ಮುಂದೆಯೂ ಬಾಯಿ ಬಿಡಲಿಲ್ಲ.
ರಾತ್ರಿ ಎರಡೂ ಹತ್ತಕ್ಕೆ ಮೊದಲು ನಕಲುಗಳನ್ನು ಅಳಿಸಿದ,
ಆಮೇಲೆ ನಕಲಿನ ನಕಲು,
ಮೂಲವನ್ನು ಕೊನೆಗೆ,
ಬೇರು ಕಿತ್ತು ಆಮೇಲೆ ಮರ ಕಡಿದ ಹಾಗೆ.
ಹೆಜ್ಜೆ ಗುರುತನ್ನೂ ಗುಡಿಸಿದ. ಪೊರಕೆಯೂ ಅವನದೇ ಕೈಯಲ್ಲಿತ್ತಲ್ಲ.

ಬೆಳಿಗ್ಗೆ ದ್ವೀಪದಿಂದ ಒಬ್ಬ ಮುದುಕಿಯನ್ನು ತಂದರು, ಪ್ರಜ್ಞೆಯಿಲ್ಲ.
ಪರದೆಯ ಮೇಲೆ ಅವಳಿಗೆ ಹೆಸರಿಲ್ಲ, ರಕ್ತದ ಗುಂಪಿಲ್ಲ,
ಹಿಂದಿನ ಇಪ್ಪತ್ತು ವರ್ಷವೇ ಇಲ್ಲ.
ಸೂಜಿ ತೋಳಿನವರೆಗೆ ಬಂದಿತ್ತು.
ಚಹಾದ ಗಾಡಿ ತಳ್ಳುತ್ತಿದ್ದ ಅಡುಗೆಯ ಊಬಾಲ್ಡಿನಾ ಚೀರಿದಳು:
'ಪೆನ್ಸಿಲಿನ್ನೇ? ಬೇಡ! ನಮ್ಮೂರಿನವಳು ಈಕೆ,
ಹಿಂದೊಮ್ಮೆ ಕೊಟ್ಟು ಮುಖ ಹುಳಿಬಂದ ಹಿಟ್ಟಾಗಿತ್ತು!'

ಆ ದಿನ ಇಡೀ ಆಸ್ಪತ್ರೆಗೆ ಉಳಿದಿದ್ದ ಬ್ಯಾಕಪ್ಪು
ಅದೊಂದೇ, ಏಪ್ರನ್ ಕಟ್ಟಿಕೊಂಡು ನಿಂತಿತ್ತು.

ಬೇಲಿಯೇ ಹೊಲ ಮೇಯ್ದರೆ ಯಾರಿಗೆ ದೂರುವುದು ಅನ್ನುತ್ತಾರೆ.
ದೂರುವುದು ಆಮೇಲಿನ ಮಾತು;
ಬೇಲಿಯನ್ನು ಬಾಯಿಲ್ಲದಂತೆ ಹೆಣೆಯಬೇಕು.
ಹೆಣೆದೆ, ಎರಡು ಚಳಿಗಾಲ.
ಒಮ್ಮೆ ಬರೆದದ್ದು ನಲವತ್ತು ದಿನ ಯಾರಿಂದಲೂ ಅಳಿಯದು,
ಗಡಿಯಾರ ಮುಂದೆ ತಿರುಗಿಸಿ ಮೋಸ ಮಾಡೋಣವೆಂದರೆ
ಅದು ನಂಬುವ ಗಡಿಯಾರವೇ ಬೇರೆ.
ಗುರುವಾರದ ಟೇಪು ಹಳೆಯ ಉಣ್ಣೆಯ ಗೋದಾಮಿಗೆ ಹೋಗುತ್ತದೆ,
ಯಾವ ತಂತಿಯೂ ಮುಟ್ಟದ ಕಪಾಟಿಗೆ.
ನಾನು ಒತ್ತಿದ ಒಂದೊಂದು ಕೀಲಿಯೂ
ನನ್ನ ಕೈಗೆ ಎಟುಕದ ವಾಲ್ದಿವಿಯಾದಲ್ಲಿ ದಾಖಲಾಗುತ್ತದೆ.
ಅಳಿಸಲೇಬೇಕೆಂದರೆ ಇಬ್ಬರು ಬೇಕು:
ಒಬ್ಬಳು ನಾನು,
ಇನ್ನೊಬ್ಬಳು ಊಬಾಲ್ಡಿನಾ.
ತನ್ನ ಅರ್ಧವನ್ನು ಎಲ್ಲಿಟ್ಟಿದ್ದಾಳೋ ಕೇಳಿಲ್ಲ. ಕೇಳಬಾರದು.

ನಿರ್ದೇಶಕರು ನಕ್ಕರು: 'ನಿನ್ನ ಮೇಲೆ ನಿನಗೇ ನಂಬಿಕೆಯಿಲ್ಲವೇ?'
ಹಗಲಿನ ನನ್ನ ಮೇಲೆ ಇದೆ, ಸಾರ್.
ರಾತ್ರಿ ಎರಡೂ ಹತ್ತರ ನನ್ನನ್ನು
ನಾನಿನ್ನೂ ಕಂಡಿಲ್ಲ.

ಕಂಡೆ, ಈ ಜುಲೈಯಲ್ಲಿ.
ಅಣ್ಣನ ಮಣ್ಣಿಗೆ ರಜೆ ಕೊಡದ ವಾರ ಅದು.
ಜಲಸಂಧಿಯ ಗಾಳಿ ತಗಡು ಕೀಳುತ್ತಿತ್ತು.
ಇಳಿದುಬಂದೆ, ವಾಲಿದ ಕುರ್ಚಿಯಲ್ಲಿ ಕೂತೆ,
ಆದೇಶ ಬರೆದೆ.
ಸುಮ್ಮನೆ, ನೋಡಲಿಕ್ಕೆ.
(ಅವನೂ ಹಾಗೇ ಅಂದುಕೊಂಡಿದ್ದನೇನೋ.)
ಪರದೆ ಬೈಯಲಿಲ್ಲ, ಗಂಟೆ ಬಾರಿಸಲಿಲ್ಲ.
ಎರಡನೆಯ ಕೀಲಿ? ಎಂದಷ್ಟೇ ಕೇಳಿ
ಮಿನುಗುತ್ತ ಕಾಯಿತು.

ಬೆಳಿಗ್ಗೆ ಊಬಾಲ್ಡಿನಾ ಬಿಸಿ ರೊಟ್ಟಿ ಇಟ್ಟಳು.
'ನಿನ್ನೆ ರಾತ್ರಿ ಯಾರೋ ನನ್ನ ಕದ ತಟ್ಟಿದರಂತೆ,
ಫೋನಿಗೆ ಬಂದಿತ್ತು.'
ನಾನೇ, ಎಂದೆ.
'ಗೊತ್ತು,' ಎಂದಳು.
ಬೆಣ್ಣೆಯನ್ನು ನನ್ನ ಕಡೆ ಸರಿಸಿದಳು.