ನೆಲಾ ಮುಟ್ಟದ ಗಾಲಿ

ಟ್ರೇಲರ್ ಮೊದಲ ಬಂತು, ಎಳಿಯೂ ಕುದುರಿ ಆಮ್ಯಾಲೆ.
ಹಿಂಗ ಯಾರರ ಮಾಡ್ತಾರೇನು ಅಂತ ಇಳಕಲ್ ತುಂಬ ನಕ್ಕರು.
ನಲವತ್ತು ಫೂಟು ಉದ್ದ, ಗ್ವಾಡಿ ಇಲ್ಲ, ಛತ್ತಿಲ್ಲ, ಹನ್ನೆರಡು ಟೈರು,
ಹರಾಜಿನಾಗ ಸೋವಿಗೆ ಸಿಕ್ಕದ್ದು.
ಕ್ವಾರಿ ಹಿಂದಿನ ಬಯಲಾಗ
ಮುಂಗಾಲೆರಡು ಊರಿ, ಕುತ್ತಿಗಿ ಎತ್ತಿ
ಎಂಟು ತಿಂಗಳು ನಿಂತಿತ್ತು, ಯಾರೋ ಕರದಾರು ಅಂತ.

ವೇಬ್ರಿಜ್ಜಿನ ಕಿಟಕ್ಯಾಗ ಹದಿನಾಲ್ಕು ವರ್ಷ ಚೀಟಿ ಬರದಾಕಿ ನಾನು.
ಕೆಂಪು ಕಲ್ಲಿನ ದಿಮ್ಮಿ ಕಂಡ ಕೂಡಲೆ ಇಪ್ಪತ್ತಾರು ಅಂತೀನಿ,
ಕಾಟಾ ಹೌದು ಅಂತೈತಿ.
ಆದರ ಎಳಿಯೂದರ ತಾಕತ್ತು ತೂಗೂದು ಹೆಂಗ?
ರಾಜೇಸಾಬ ಮುಲ್ಲಾನ್ನ ಕರಕೊಂಡು
ಬೆಳಗಾವಿ ಆಟೋನಗರಕ್ಕ ಹೋದೆ.

ಮೊದಲನೇದಕ್ಕ ಹೊಸ ಬಣ್ಣ, ಬಾಗಲಕ್ಕ ನವಿಲು.
ಮಾರಾಂವ ನನ್ನ ನೋಡಲಿಲ್ಲ, ಆತನ ಮಾರಿ ನೋಡಿ ಹೇಳಿದ:
‘ಎಷ್ಟು ಹಾರ್ಸ್‌ಪವರ್ ಐತಿ ಗೊತ್ತೇನ್ರಿ ಚಾಚಾ!’
ಚಾಚಾ ಕ್ಯಾಬಿನ್ ಹತ್ತಲೇ ಇಲ್ಲ. ಹಿಂದಕ್ಕ ಹೋಗಿ
ಐದನೇ ಗಾಲಿ ಮ್ಯಾಲಿನ ಒಣಗ್ರೀಸು ಉಗುರಿಲೆ ಕೆರದ.
ಗಾಲಿ ಅನ್ನೂದು ಹೆಸರಿಗಷ್ಟ. ಉರುಳೂದಿಲ್ಲ, ನೆಲಾ ಮುಟ್ಟೂದಿಲ್ಲ.
ಕಬ್ಬಿಣದ ತಾಟು, ನಡುವ ಒಂದು ಬಾಯಿ.
ಬಾಯಾಗ ಬೆರಳಿಟ್ಟು ‘ಹಲ್ಲು ಸವದಾವ’ ಅಂದ.
‘ಚಪ್ಪಲಿ ಹೊಸಾದು ತಂಗಿ, ಉಂಗುಟ ಕಿತ್ತೈತಿ.’

ಎರಡನೇದು ಆರು ಗಾಲಿಯದು. ಸೋವಿ.
ಈ ಸಲ ನಾನ ಕಾಗದ ಬೇಡಿ, ಅದರಾಗಿನ ತೂಕ ಓದಿದೆ.
ಟ್ರೇಲರಿನ ಮೈ, ಕಲ್ಲಿನ ಮೈ, ಕುದುರಿ ಮೈ,
ಟಾಕಿ ತುಂಬ ಡೀಜೆಲ್ಲು, ರಾಜೇಸಾಬನ ಹೊಟ್ಟಿ,
ಎಲ್ಲಾ ಕೂಡಿಸಿದರ ಏಳು ಟನ್ ಹೆಚ್ಚಾತು.
‘ಎಲ್ಲಾರೂ ಒಯ್ತಾರ್ರಿ ಅಕ್ಕಾರ. ಯಾರ್ ತೂಗ್ತಾರ?’
‘ನಾನು’ ಅಂದೆ.

ಮೂರನೇದರದು ಹೇಳೂವಂಥಾದ್ದೇನಿಲ್ಲ. ಅದರ ಸೀಟಿನಾಗ ಕೋಳಿ ಕಾವಿಗೆ ಕುಂತಿತ್ತು.

ನಾಕನೇದು ಬೂದಿ ಬಣ್ಣ, ಹತ್ತು ಗಾಲಿ, ಗಾಜಿಗೊಂದು ಬಿರುಕು.
ಮಾಲಕ ನಿಪ್ಪಾಣಿಯಾಂವ, ಮಾತು ಕಡಿಮಿ.
ವಂಟಮುರಿ ಘಾಟಿಗೆ ಹೊಡಕೊಂಡು ಹೋದಿವಿ.
ಬೆನ್ನಿಗೆ ಭಾರ ಇಲ್ಲದ ಕುದುರಿ ತಗ್ಗಿಗೊಮ್ಮೆ ಕುಣೀತಿತ್ತು,
ನನ್ನ ಹಲ್ಲು ಕಟಕಟ.
ಏರಿನಾಗ ರಾಜೇಸಾಬ ಏನೂ ಅನ್ನಲಿಲ್ಲ.
ಇಳಿಜಾರು ಮುಗಿದ ಮ್ಯಾಲೆ ಬದಿಗೆ ಹಚ್ಚಿ, ಕೆಳಗಿಳದು,
ಒಂದೊಂದ ಗಾಲಿ ಮುಂದ ಕುಂತು ಅಂಗೈ ಚಾಚಿದ,
ಜ್ವರ ಬಂದ ಕೂಸಿನ ಹಣಿ ಮುಟ್ಟಿದಂಗ.
ಬಿಸಿ. ಬಿಸಿ. ಬಿಸಿ. ಬಿಸಿ. ಬಿಸಿ.
ಎಡಗಡೆ ಕಡೀದು ತಣ್ಣಗ.

‘ತಣ್ಣಗಿದ್ದರ ಚಲೋ ಅಲ್ಲೇನು?’ ಅಂದೆ.
‘ಇದು ದುಡದಿಲ್ಲ. ಉಳದ ಐದು ಇದರ ಪಾಲೂ ದುಡದಾವ.
ಎಳಿಯಾಕ ಎಂಜಿನ್ ಒಂದ ಸಾಕು ತಂಗಿ,
ನಿಲ್ಲಸಾಕ ಎಲ್ಲಾ ಕೂಡಬೇಕು.’
ನಮ್ಮ ಆಫೀಸಿನ ಇಬ್ಬರು ನೆನಪಾದರು. ಹೆಸರು ಬ್ಯಾಡ.

ನಿಪ್ಪಾಣಿಯಾಂವ ತಲಿ ತುರಿಸಿಕೊಂಡು ‘ಗೊತ್ತಿತ್ತು’ ಅಂದ.
ಆ ಒಂದು ಮಾತಿಗೆ ಗಾಡಿ ತಗೊಂಡೆ,
ನಲವತ್ತು ಸಾವಿರ ಕಡಿಮಿ ಮಾಡಿಸಿಕೊಂಡ ಮ್ಯಾಲೇ,
ಆ ಬ್ರೇಕು ಬಿಚ್ಚಿಸಿ, ಹೊಸಾದು ಕಟ್ಟಿಸಿ.

ಇಳಕಲ್ ಮುಟ್ಟಿದ್ದು ನಡುರಾತ್ರಿ. ನಗಾಕ ಯಾರೂ ಇರಲಿಲ್ಲ.
ಆತ ಹಿಂದಕ್ಕ ಬಿಟ್ಟ, ನಾನು ಬ್ಯಾಟರಿ ಹಿಡಿದು
ಬರ್ಲಿ, ಬರ್ಲಿ, ಇನ್ನೊಂದು ಗೇಣು...
ಖಟ್.
ಎರಡು ಸಲ ಮುಂದಕ್ಕ ಜಗ್ಗಿ ನೋಡಿದ. ಬಾಯಿ ಬಿಡಲಿಲ್ಲ.
ನಾನು ಹ್ಯಾಂಡಲ್ ತಿರುವಿದೆ. ಎಂಟು ತಿಂಗಳ ತುಕ್ಕು ಕಿರ್ರಂತು,
ಮುಂಗಾಲು ಮಣ್ಣಿಂದ ಎದ್ದವು.

ಅವು ಬಿಟ್ಟ ತಗ್ಗಿಗೆ ಬೆಳಕು ಹಿಡಿದು ಅಳದೆ:
ಎಡದ್ದು ಒಂದು ಗೇಣು,
ಬಲದ್ದು ಗೇಣಿನ ಮ್ಯಾಲೆ ನಾಕು ಬೆರಳು.
ಇಷ್ಟು ದಿನಾ ಒಂದ ಕಾಲಿನ ಮ್ಯಾಲೆ ಭಾರ ಹಾಕಿ ನಿಂತಿತ್ತು.
ದಿನಾ ನೋಡಾಕಿ, ನೋಡಿರಲಿಲ್ಲ.